ಆರು ಗಂಟೆಯ ಬ್ಯಾಚ್

ನಮ್ಮ ಸೋದರಮಾವ ಎಂಟು ತಿಂಗಳು ಒಂದು ದಿನವೂ ತಪ್ಪದೆ ಜಿಮ್‌ಗೆ ಹೋಗಿ ಎರಡು ಕೆ.ಜಿ. ದಪ್ಪಗಾದರು. ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇಂಥ ಸಾಧನೆ ಇನ್ನೊಬ್ಬರದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ತಾಲ್ಲೂಕಿನ ಎಲ್ಲರನ್ನೂ ನಾನು ತೂಗಿ ನೋಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ನಾನು ಪ್ರಮಾಣ ಮಾಡಿ ಸಾಕ್ಷಿ ಹೇಳಿದವನು. ಕಂಡದ್ದನ್ನು ಕಂಡಷ್ಟೇ ಹೇಳುವ ಅಭ್ಯಾಸ ಅಂದಿನಿಂದ ಅಂಟಿಕೊಂಡಿದೆ.

ಮಾವನಿಗೆ ಎಪ್ಪತ್ತನಾಲ್ಕು. ಕೊಟ್ಟಿಗೆಹಾರದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಮೂವತ್ತೆಂಟು ವರ್ಷ ರೈಟರ್ ಆಗಿದ್ದವರು. ಎಸ್ಟೇಟಿನ ರೈಟರ್ ಎಂದರೆ ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಹೆಸರು ಕೂಗಿ, ಹಾಜರಿ ಪುಸ್ತಕದಲ್ಲಿ ಗುರುತು ಹಾಕುವವರು. ಬಂದವರಿಗೆ ಒಂದು ಗೆರೆ, ಮಧ್ಯಾಹ್ನಕ್ಕೇ ಹೊರಟವರಿಗೆ ಅರ್ಧ ಗೆರೆ, ಬಾರದವರಿಗೆ ಸೊನ್ನೆ. ಕೆಲಸ ಬಿಟ್ಟು, ಅತ್ತೆಯೂ ತೀರಿಕೊಂಡ ಮೇಲೆ ಮಾವ ಮೂಡಿಗೆರೆ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದರು. ಮಕ್ಕಳಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಶರ್ಟಿನ ಜೇಬಿಗೆ ಪೆನ್ನು ಸಿಕ್ಕಿಸಿ, ಆರಕ್ಕೆ ಸರಿಯಾಗಿ ಎಲ್ಲಿಗೋ ಹೊರಡುವವರಂತೆ ಕುರ್ಚಿಯಲ್ಲಿ ಕೂರುತ್ತಿದ್ದರು. ಎಲ್ಲಿಗೂ ಹೊರಡುತ್ತಿರಲಿಲ್ಲ.

ಹೀಗಿರುವಾಗ ದಿನಪತ್ರಿಕೆಯ ಮಡಿಕೆಯಿಂದ ಬಣ್ಣದ ಚೀಟಿಯೊಂದು ಬಿತ್ತು. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಹೊಸ ಜಿಮ್. ಐದು ಟ್ರೆಡ್‌ಮಿಲ್, ಸ್ಟೀಮ್ ಬಾತ್, ಬಿಸಿನೀರು, ಜನರೇಟರ್, ನುರಿತ ತರಬೇತುದಾರ. ಕೊನೆಯ ಸಾಲು: ‘ಅರವತ್ತು ದಾಟಿದವರಿಗೆ ಬೆಳಿಗ್ಗೆ ಆರು ಗಂಟೆಗೆ ಪ್ರತ್ಯೇಕ ಬ್ಯಾಚ್.’ ಮಾವ ಉಳಿದ ಸಾಲುಗಳನ್ನು ಬಿಟ್ಟು ಆ ಒಂದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

“ಬ್ಯಾಚ್ ಅಂದ್ರೆ ಎಷ್ಟು ಜನ ಇರ್ತಾರೆ?” ಎಂದು ನನ್ನನ್ನು ಕೇಳಿದರು. ನಾನು ನಿವೃತ್ತ ಮೇಷ್ಟ್ರು. ಇಂಥದ್ದಕ್ಕೆಲ್ಲ ನನ್ನ ಬಳಿ ಉತ್ತರವಿರುತ್ತದೆ ಎಂದು ಅವರ ನಂಬಿಕೆ.

“ಹತ್ತು ಹನ್ನೆರಡು ಇರಬಹುದು ಮಾವ.”

“ಹತ್ತು ಸಾಕು,” ಎಂದವರೇ ಹೋಗಿ ಇಡೀ ವರ್ಷದ ಶುಲ್ಕ ಒಂದೇ ಸಲಕ್ಕೆ ಕಟ್ಟಿಬಂದರು.

ಮೊದಲ ದಿನ ಅವರು ಹೊರಟ ವೇಷ ನಾನು ಕಣ್ಣಾರೆ ಕಂಡಿದ್ದು: ಖಾಕಿ ಅರ್ಧ ಚಡ್ಡಿ, ಮೊಣಕಾಲಿನವರೆಗೆ ಕಾಲುಚೀಲ, ಉಣ್ಣೆಯ ಟೋಪಿ, ಕಂಕುಳಲ್ಲಿ ಕೊಡೆ. ಜಿಗಣೆಗಳಿರುವ ತೋಟಕ್ಕೂ ಟ್ರೆಡ್‌ಮಿಲ್ಲಿಗೂ ಅವರ ಲೆಕ್ಕದಲ್ಲಿ ಉಡುಪು ಒಂದೇ. ಆರಕ್ಕೆ ಐದು ನಿಮಿಷ ಮೊದಲೇ ಹೋಗಿ ಬಾಗಿಲಲ್ಲಿ ನಿಂತರು. ಆರೂ ಇಪ್ಪತ್ತಕ್ಕೆ ಜಿಮ್ಮಿನ ಮಾಲೀಕ ಆಕಳಿಸುತ್ತ ಬಂದು ಶಟರ್ ಎತ್ತಿದ. ಮೂವತ್ತೈದರ ಮನುಷ್ಯ, ನನ್ನ ತೊಡೆಯಷ್ಟು ದಪ್ಪದ ತೋಳು. ಮಾವ ಒಳಗೆಲ್ಲ ಕಣ್ಣಾಡಿಸಿದರು.

“ಬ್ಯಾಚ್ ಎಲ್ಲಿ?”

“ನೀವೇ ಬ್ಯಾಚು ರೈಟ್ರೆ. ಬನ್ನಿ ಒಳಗೆ.”

ಮರುದಿನ ಮಾವ ಹಾಜರಿ ಪುಸ್ತಕದೊಂದಿಗೆ ಹೋದರು. ಉದ್ದನೆಯ, ನೀಲಿ ರಟ್ಟಿನ, ಎಸ್ಟೇಟಿನಲ್ಲಿ ಬಳಸುವಂಥದ್ದೇ. ಎಡಗಡೆ ಆಳುಗಳ ಹೆಸರು ಇರಬೇಕಾದಲ್ಲಿ ಚೀಟಿಯಲ್ಲಿದ್ದ ಸೌಕರ್ಯಗಳ ಪಟ್ಟಿ. ಜಿಮ್ಮಿನ ನಡುವೆ ನಿಂತು ಒಂದೊಂದನ್ನೇ ಕೂಗುತ್ತಿದ್ದರು.

“ಟ್ರೆಡ್‌ಮಿಲ್ ಒಂದು.” ಅದು ಇತ್ತು. ಗೆರೆ. “ಟ್ರೆಡ್‌ಮಿಲ್ ಎರಡು.” ಇತ್ತು, ತಿರುಗುತ್ತಿರಲಿಲ್ಲ. ಅರ್ಧ ಗೆರೆ. “ಟ್ರೆಡ್‌ಮಿಲ್ ಮೂರು.”

“ಅದು ಬರ್ತಾ ಇದೆ ರೈಟ್ರೆ, ಲಾರಿಲಿದೆ.”

“ಲಾರಿಲಿದ್ದೋರಿಗೆ ನಾನು ಯಾವತ್ತೂ ಹಾಜರಿ ಹಾಕಿದವನಲ್ಲ,” ಎಂದು ಸೊನ್ನೆ ಸುತ್ತಿದರು.

ಸ್ಟೀಮ್ ಬಾತ್ ಎಂದು ಬರೆದ ಕೋಣೆಗೆ ಬೀಗವಿತ್ತು. ಮೂರು ವಾರ ಕಾಡಿ ತೆಗೆಸಿದರು. ಒಳಗೆ ಕೆಳಗಿನ ಅಂಗಡಿಯ ಗೊಬ್ಬರದ ಚೀಲಗಳು ಸೂರಿನವರೆಗೆ. ನೋಡದೆ ತೀರ್ಪು ಕೊಡಬಾರದು ಎಂದು ಮಾವ ಒಳಹೊಕ್ಕು, ಚೀಲದ ಮೇಲೆ ಕೂತು, ಬಾಗಿಲು ಹಾಕಿಸಿಕೊಂಡರು. ಹತ್ತು ನಿಮಿಷದ ನಂತರ ಸೀನುತ್ತ ಹೊರಬಂದು, “ಬೆವರು ಬಂತು, ಇಲ್ಲ ಅನ್ನಲ್ಲ. ಆದ್ರೆ ಪೊಟ್ಯಾಷ್ ಜಾಸ್ತಿಯಾಯ್ತು,” ಎಂದರು. ನ್ಯಾಯವಾಗಿ ಅರ್ಧ ಗೆರೆ ಹಾಕಿದರು.

ವ್ಯಾಯಾಮ? ಅದಕ್ಕೆ ಸಮಯವೆಲ್ಲಿ? ಹಾಜರಿ ಮುಗಿಯುವಷ್ಟರಲ್ಲಿ ಏಳು ಗಂಟೆ. ಎದುರಿನ ಹೋಟೆಲಿನಲ್ಲಿ ನಾನು ಪತ್ರಿಕೆ ಓದುತ್ತ ಅವರಿಗಾಗಿ ಕಾಯುತ್ತಿದ್ದೆ. ಬಂದು ಕೂತು ಎರಡು ಬನ್ಸ್ ತಿನ್ನುತ್ತಿದ್ದರು. ಎರಡು ಕೆ.ಜಿ.ಯ ಮೂಲ ಅದೇ. ತಡವಾದ ದಿನ ನಾನೇ ಮೆಟ್ಟಿಲು ಹತ್ತಿ ಹೋಗಿ ಕರೆಯುತ್ತಿದ್ದೆ. ವಾರಕ್ಕೆ ಎರಡು ಸಲವಾದರೂ ಹೀಗೆ ಹತ್ತಿದ್ದೇನೆ. ಪ್ರತಿ ಸಲವೂ ಒಳಗೆ ಮಾವ ಒಬ್ಬರೇ ಇದ್ದರು.

ಮಾಲೀಕ ಕೆಟ್ಟವನಲ್ಲ. ಐದು ತಿಂಗಳಾಗುವ ಹೊತ್ತಿಗೆ ಬಿಸಿನೀರು ಬಂತು, ಗೊಬ್ಬರದ ಚೀಲಗಳು ಹೋದವು, ಲಾರಿಯಲ್ಲಿದ್ದದ್ದೂ ಹೇಗೋ ಇಳಿಯಿತು. ಪುಸ್ತಕದ ತುಂಬ ಗೆರೆಗಳಾದವು. ‘ಬ್ಯಾಚ್’ ಎಂದು ಬರೆದ ಕೊನೆಯ ಸಾಲಿನಲ್ಲಿ ಮಾತ್ರ ಮೊದಲ ದಿನದಿಂದ ಸೊನ್ನೆಯ ಪಕ್ಕ ಸೊನ್ನೆ.

“ಹಿರಿಯರನ್ನ ನಾನೆಲ್ಲಿಂದ ತರ್ಲಿ ರೈಟ್ರೆ? ಮಷೀನಾದ್ರೆ ಆರ್ಡರ್ ಹಾಕ್ಬಹುದು.”

“ಚೀಟಿಲಿ ಬರೆಯೋವಾಗ ಯೋಚನೆ ಮಾಡ್ಬೇಕಿತ್ತು ಮಾರಾಯ.”

ಒಂದು ಸೋಮವಾರ ಅವನು ಜಾವಳಿಯಿಂದ ತನ್ನ ಮಾವನನ್ನೇ ಕರೆತಂದು ಬೆಂಚಿನ ಮೇಲೆ ಕೂರಿಸಿದ. ಆ ಹಿರಿಯರು ಕೂತಲ್ಲೇ ಗೊರಕೆ ಹೊಡೆದರು. ನಮ್ಮ ಮಾವ ಅವರ ಪಕ್ಕದಲ್ಲಿ ಸುಮ್ಮನೆ ಕೂತಿದ್ದರಂತೆ, ಒಂದು ಗಂಟೆ. ಅವತ್ತು ಹೋಟೆಲಿಗೆ ಬಂದವರ ಮುಖ ನೋಡಬೇಕಿತ್ತು. “ಇವತ್ತು ಒಬ್ರು ಬಂದಿದ್ರು,” ಎಂದರು. ಬನ್ಸ್ ಮೂರು ತಿಂದರು. ಮಂಗಳವಾರ ಆ ಹಿರಿಯರು ಜಾವಳಿ ಬಸ್ಸು ಹತ್ತಿದರು, ಮತ್ತೆ ಬರಲಿಲ್ಲ.

ಅದಾದ ವಾರಕ್ಕೆ ಮಾವ ಜಿಮ್ಮಿಗೆ ನೋಟಿಸ್ ಕಳಿಸಿದರು. ದಿನಾ ಮುಖ ನೋಡುವವನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ! ಪೋಸ್ಟ್‌ಮ್ಯಾನ್ ಅದನ್ನು ತಂದಾಗ ಮಾವ ಅಲ್ಲೇ ಇದ್ದು, “ಪೂರ್ತಿ ಹೆಸರು ಬರಿ, ಬರೀ ಗೀಚ್ಬೇಡ,” ಎಂದು ಸಹಿ ಹಾಕಿಸಿದರು. ಉತ್ತರ ಬರಲಿಲ್ಲ. ಜಾಹೀರಾತಿನಲ್ಲಿ ಹೇಳಿದ್ದನ್ನು ಕೊಡದಿದ್ದರೆ ಅದು ಸೇವಾ ನ್ಯೂನತೆ, ವಕೀಲರಿಲ್ಲದೆ ನಾವೇ ದೂರು ಕೊಡಬಹುದು ಎಂದು ಎಲ್ಲಿಂದಲೋ ತಿಳಿದುಕೊಂಡರು. ಚೀಟಿ, ರಶೀದಿ, ಹಾಜರಿ ಪುಸ್ತಕದ ನಕಲು, ಜೊತೆಗೆ ‘ಆರು ಗಂಟೆಯ ಬ್ಯಾಚಿನಲ್ಲಿ ಬೇರೆ ಯಾರೂ ಇರಲಿಲ್ಲವೆಂಬುದನ್ನು ಸ್ವತಃ ಕಂಡಿದ್ದೇನೆ’ ಎಂಬ ನನ್ನ ಪ್ರಮಾಣಪತ್ರ. ಎಲ್ಲ ಸೇರಿ ಚಿಕ್ಕಮಗಳೂರಿನ ಗ್ರಾಹಕರ ಆಯೋಗ ಮುಟ್ಟಿತು.

ವಿಚಾರಣೆಯ ದಿನ ನಾವು ಹತ್ತಿದ ಬಸ್ಸಿಗೇ ಮಾಲೀಕನೂ ಹತ್ತಿದ. ಖಾಲಿ ಇದ್ದದ್ದು ಮಾವನ ಪಕ್ಕದ ಜಾಗ. ಪ್ರತಿವಾದಿ ಅಲ್ಲಿ ಕೂತ. ವಸ್ತಾರೆ ದಾಟುವವರೆಗೆ ಇಬ್ಬರೂ ಕಾಳುಮೆಣಸಿನ ಬೆಲೆ ಮಾತಾಡಿದರು. ಚಿಕ್ಕಮಗಳೂರಿನಲ್ಲಿ ಇಳಿದು ಅವನೇ ಮೂರು ಕಾಫಿ ಹೇಳಿದ. “ಕೇಸು ಬೇರೆ, ಕಾಫಿ ಬೇರೆ,” ಎಂದು ಮಾವ ಕುಡಿದರು.

ಆಯೋಗದ ಅಧ್ಯಕ್ಷರು ಕನ್ನಡಕದ ಮಧ್ಯವಯಸ್ಸಿನ ಮಹಿಳೆ. ದೂರಿನ ಕೊನೆಯ ಪುಟವನ್ನು ಎರಡು ಸಲ ಓದಿದರು. ಯಾವ ಪರಿಹಾರ ಬೇಕು ಎಂಬಲ್ಲಿ ಮಾವ ಒಂದೇ ಮಾತು ಬರೆದಿದ್ದರು: ‘ಬ್ಯಾಚ್.’

“ಶುಲ್ಕ ವಾಪಸ್ ಕೊಡಿಸಬಹುದು. ತೊಂದರೆಗೆ ಪರಿಹಾರ ಕೊಡಿಸಬಹುದು,” ಎಂದರು ಅವರು. “ಜನರನ್ನು ಕರೆತನ್ನಿ ಎಂದು ಆದೇಶ ಮಾಡೋಕೆ ನಮಗೆ ಬರೋದಿಲ್ಲ. ಹಣ ತಗೊಳ್ಳಿ, ಸದಸ್ಯತ್ವ ರದ್ದು ಮಾಡಿಸ್ತೀವಿ.”

ಮಾವ ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡರು.

“ಹಣ ಬೇಡ ತಾಯಿ. ರದ್ದು ಮಾಡಿದ್ರೆ ನಾಳೆ ಬೆಳಿಗ್ಗೆ ಆರು ಗಂಟೆಗೆ ನಾನು ಎಲ್ಲಿಗೆ ಹೋಗ್ಲಿ?”

ಬೆರಳಚ್ಚು ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಎಂಟು ತಿಂಗಳು ಇದೆಲ್ಲವನ್ನೂ ಹೋಟೆಲಿನ ಮೇಜಿಂದ ಮೇಜಿಗೆ ಹೇಳಿ ನಗಿಸಿದವನು ನಾನೇ.

ಅಧ್ಯಕ್ಷರು ನನ್ನ ಪ್ರಮಾಣಪತ್ರ ಎತ್ತಿಕೊಂಡು, ಇದು ನಿಜವೇ ಎಂದು ಕೇಳಿದರು. ನಿಜ ಎಂದೆ. ಪ್ರತಿವಾದಿಗೆ ಕೇಳುವುದೇನಾದರೂ ಇದೆಯೇ ಎಂದರು. ಮಾಲೀಕ ಎದ್ದು ನಿಂತ. ಜೋರಾಗಿ ಕೇಳಲಿಲ್ಲ, ಸಂಕೋಚದಿಂದಲೇ ಕೇಳಿದ.

“ಮೇಷ್ಟ್ರೆ, ನಿಮಗೂ ಅರವತ್ತೆರಡು ಆಯ್ತಲ್ಲ. ದಿನಾ ಎದುರುಗಡೆ ಹೋಟ್ಲಲ್ಲೇ ಕೂತಿರ್ತಿದ್ರಿ. ನೀವ್ಯಾಕೆ ಸೇರ್ಲಿಲ್ಲ?”

ಪ್ರಮಾಣ ಮಾಡಿದವನು ಉತ್ತರಿಸಬೇಕು. ಕಾರಣ ಹುಡುಕಿದೆ. ಸಮಯವಿರಲಿಲ್ಲವೇ? ಇತ್ತು. ಅವರು ಕರೆಯಲಿಲ್ಲವೇ? ಮೊದಲ ದಿನವೇ, “ನೀನೂ ಬಾರೋ,” ಎಂದಿದ್ದರು. ನಕ್ಕಿದ್ದೆ.

“ಅವ್ನಿಗೆ ಮಂಡಿ ನೋವು ತಾಯಿ,” ಎಂದರು ಮಾವ. “ಮೆಟ್ಲು ಹತ್ತೋಕಾಗಲ್ಲ ಪಾಪ. ಇಲ್ದಿದ್ರೆ ಬರ್ತಿದ್ದ.”

ನನಗೆ ಮಂಡಿ ನೋವಿಲ್ಲ. ಯಾವತ್ತೂ ಬಂದಿಲ್ಲ. ಆ ಮೆಟ್ಟಿಲುಗಳನ್ನು ವಾರಕ್ಕೆ ಎರಡು ಸಲ ಹತ್ತಿದವನು ನಾನು ಎಂಬುದು ಮಾಲೀಕನಿಗೆ ಗೊತ್ತು. ಅವನು ನನ್ನ ಕಾಲುಗಳನ್ನು ನೋಡಿದ, ಮಾವನನ್ನು ನೋಡಿದ, “ಬೇರೆ ಪ್ರಶ್ನೆ ಇಲ್ಲ ಮೇಡಂ,” ಎಂದು ಕೂತುಬಿಟ್ಟ. ಅಧ್ಯಕ್ಷರು ಶುಲ್ಕ ಹಿಂದಿರುಗಿಸುವಂತೆ ಆದೇಶ ಬರೆಸಿದರು. ನಾವು ಗೆದ್ದೆವು.

ಸಂಜೆ ಮೂವರೂ ಮೂಡಿಗೆರೆ ಬಸ್ಸಿಗೆ ಕಾದೆವು. ಬಸ್ಸು ಬಂತು. ಮಾಲೀಕ ನಮ್ಮ ಹಿಂದೆಯೇ ಇದ್ದ. ಎಪ್ಪತ್ತನಾಲ್ಕರ ಮಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಮೊಣಕೈ ಹಿಡಿದರು.

“ನಿಧಾನಕ್ಕೆ ಹತ್ತು ಮಾರಾಯ,” ಎಂದರು, ಅವನಿಗೆ ಕೇಳಿಸುವ ಹಾಗೆ. “ಮೆಟ್ಲು ಎತ್ತರ ಇದೆ.”

ಅವರ ಕೈ ಹಿಡಿದುಕೊಂಡು, ಒಂದು ಕಾಲನ್ನು ಎಳೆಯುತ್ತ, ನಾನು ನಿಧಾನಕ್ಕೆ ಹತ್ತಿದೆ.