ಐವತ್ತು ಸುತ್ತಿನ ವಿಮಾನ

ನಾನು ನಿಂತಿದ್ದದ್ದು ಕರಜಗಿಯ ನಮ್ಮ ಶಾಲೆಯ ಪಡಸಾಲೆಯ ಎರಡನೆಯ ಮೆಟ್ಟಿಲ ಮೇಲೆ, ಪೂರ್ವಕ್ಕೆ ಮುಖ ಮಾಡಿ. ತೊಂಬತ್ತೊಂದನೆಯ ಇಸವಿಯ ಡಿಸೆಂಬರಿನ ಒಂದು ಶನಿವಾರ, ಹನ್ನೊಂದು ಗಂಟೆಗೆ ಐದು ನಿಮಿಷ ಬಾಕಿ. ಎದುರಿಗೆ ಬಯಲು, ಬಯಲಿನ ಆಚೆ ತುದಿಗೆ ಬೇವಿನ ಮರ. ಮೆಟ್ಟಿಲಿನಿಂದ ಮರಕ್ಕೆ ನಲವತ್ತೆರಡು ಹೆಜ್ಜೆ. ಮೂರು ಸಲ ಅಳೆದಿದ್ದೆ. ಒಂದು ಸಲ ನಲವತ್ತಮೂರು ಬಂದಿತ್ತು, ಆದರೆ ಆ ಸಲ ಕಾಲಿಗೆ ಮುಳ್ಳು ಚುಚ್ಚಿತ್ತು. ಇಷ್ಟೆಲ್ಲ ವಿವರ ಯಾಕೆಂದರೆ, ಅಂದು ನಡೆದದ್ದನ್ನು ಹೇಳುವಾಗ ಇಂದಿಗೂ ನಾನು ಎದ್ದು ನಿಂತುಬಿಡುತ್ತೇನೆ. ಎದ್ದು ನಿಂತು ಹೇಳುವವನ ಮಾತನ್ನು ಜನ ಸುಲಭಕ್ಕೆ ನಂಬುವುದಿಲ್ಲ. ಅದಕ್ಕೇ ಅಳತೆಗಳನ್ನು ಮೊದಲೇ ಕೊಟ್ಟುಬಿಟ್ಟಿದ್ದೇನೆ.

ನಾನು ಡ್ರಾಯಿಂಗ್ ಮಾಸ್ತರ. ವಿಜ್ಞಾನದ ಮಾಸ್ತರರಿಗೆ ಆಳಂದಕ್ಕೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬರದೆ, ಎಂಟನೆಯ ತರಗತಿಯ ವಿಜ್ಞಾನ 'ಸದ್ಯಕ್ಕೆ' ಎಂದು ನನ್ನ ಕೊರಳಿಗೆ ಬಿತ್ತು. ಬಿದ್ದ ಮೇಲೆ ತಿಳಿಯಿತು, ಅದು ಹಾರವೆಂದು. ಹದಿನೆಂಟು ವರ್ಷ ಕರಿಹಲಗೆಯ ಮೇಲೆ ದಾಸವಾಳ ಬರೆದಿದ್ದೆ. ದಾಸವಾಳದ ಬಗ್ಗೆ ಒಬ್ಬರಾದರೂ 'ಯಾಕ್ರಿ ಸರ' ಎಂದು ಕೇಳಿರಲಿಲ್ಲ. ವಿಜ್ಞಾನದ ತಾಸಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೂ ನನಗೆ ಬಹಳ ಸುಖವಾಗುತ್ತಿತ್ತು.

ಹಾಗಿರುವಾಗ ವಾಚನಾಲಯದ ಒಂದು ಪತ್ರಿಕೆಯಲ್ಲಿ ಓದಿದೆ: ವಿಮಾನಗಳು ಎಣ್ಣೆ ಸುಟ್ಟು ಬಿಡುವ ಇಂಗಾಲದ ಹೊಗೆ ಮೇಲೆಯೇ ಸೇರಿಕೊಂಡು ಭೂಮಿಯನ್ನು ಬಿಸಿ ಮಾಡುತ್ತದೆ, ಮುಂದಿನ ಕಾಲದ ವಿಮಾನಗಳು ಹಗುರವಾಗಿರಬೇಕು, ರೆಕ್ಕೆ ಉದ್ದವಾಗಿ ತೆಳ್ಳಗಿರಬೇಕು, ಕಡಿಮೆ ಎಣ್ಣೆಯಲ್ಲಿ ಹೆಚ್ಚು ದೂರ ಹೋಗಬೇಕು. ವಿಮಾನವೆಂದರೆ ನಾನು ಕಂಡದ್ದು ಆಕಾಶದಲ್ಲಿ ಸುಣ್ಣದ ಗೀರಿನಂಥ ಒಂದು ಬಿಳಿ ಗೆರೆ ಮಾತ್ರ. ಆದರೂ ಓದಿ ಮುಗಿಸುವಷ್ಟರಲ್ಲಿ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಆ ಕೆಲಸ ನನಗಾಗಿಯೇ ಕಾದಿದೆ ಎನ್ನಿಸಿತು. ನೇರ ಹೆಡ್‌ಮಾಸ್ತರ ಶರಣಪ್ಪನವರ ಕೋಣೆಗೆ ಹೋದೆ.

"ಏನ್ರಿ ಮಾಸ್ತರ್ರ," ಅವರು ಕನ್ನಡಕದ ಮೇಲಿಂದ ನೋಡಿದರು, "ಅಫಜಲಪುರದ ಬಸ್ಸು ಹೊತ್ತಿಗಿ ಬರಂಗಿಲ್ಲ, ನೀವು ವಿಮಾನ ಸುಧಾರ್ಸಾಕ ಹೊಂಟೀರಿ."

ನಾನು ಲೆಕ್ಕ ವಿವರಿಸಿದೆ. ಹಳೆಯ ಮಾಸ್ತರರು ರಟ್ಟಿನದೊಂದು ವಿಮಾನ ಮಾಡಿದ್ದರು. ಸೈಕಲ್ ಟ್ಯೂಬಿನ ಪಟ್ಟಿಯನ್ನು ನೂರು ಸುತ್ತು ಹುರಿ ಮಾಡಿ ಬಿಟ್ಟರೆ ಮೂಗಿನ ಫಿರಕಿ ಫ್ಯಾನಿನಂತೆ ತಿರುಗಿ ಅದು ಬೇವಿನ ಮರ ಮುಟ್ಟುತ್ತಿತ್ತು. ಸುತ್ತು ಎಂದರೆ ಎಣ್ಣೆ ಎಂದಿಟ್ಟುಕೊಳ್ಳಿ. ನನ್ನ ವಿಮಾನ ಐವತ್ತೇ ಸುತ್ತಿಗೆ ಮರ ಮುಟ್ಟಿದರೆ ಎಣ್ಣೆ ಅರ್ಧ, ಹೊಗೆ ಅರ್ಧ.

ಶರಣಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ವಾರ ಬಿಟ್ಟು ಶನಿವಾರ ನೋಡೋಣು. ಮುಟ್ತಂದ್ರ ವಿಜ್ಞಾನ ನಿಮ್ಮ ಕಡೀನೇ ಇರ್ಲಿ. ಮುಟ್ಲಿಲ್ಲಂದ್ರ ಮರು ಸೋಮವಾರದಿಂದ ನೀವು ಹೂವಿನ ಚಿತ್ರ ತೆಗೀರಿ. ಆ ತಾಸು ನಾ ನೋಡ್ಕೋತೇನಿ."

ಮೂರು ವಾರ ಜೋಳದ ದಂಟು ಸುಲಿದೆ. ಅದರೊಳಗಿನ ಬೆಂಡಿಗಿಂತ ಹಗುರವಾದದ್ದು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಅದರಿಂದ ಗಾಡಿ, ಎತ್ತು, ಕನ್ನಡಕ ಮಾಡಿ ಆಡದವರೂ ಇಲ್ಲ. ಬೆಂಡಿನ ಮೈ, ಸಿಪ್ಪೆಯ ಕಡ್ಡಿಗಳ ರೆಕ್ಕೆ, ಮೇಲೆ ಗಾಳಿಪಟದ ಕಾಗದ. ಭಾರ ಇಳಿಸುವುದು ನನಗೊಂದು ಚಟವಾಯಿತು. ಮನೆಯಲ್ಲಿ ಯಾವ ವಸ್ತು ಕಂಡರೂ ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದೆ. ಒಂದು ದಿನ ರೊಟ್ಟಿಯನ್ನೂ ಹಾಗೇ ತೂಗುತ್ತಿದ್ದಾಗ ಹೆಂಡತಿ ಮಹಾದೇವಿ ನೋಡಿಬಿಟ್ಟಳು.

"ವಿಮಾನದ ಭಾರ ಇಳಸ್ರಿ, ಬ್ಯಾಡನ್ನಂಗಿಲ್ಲ. ನನ್ನ ರೊಟ್ಟಿ ತಂಟೀಗಿ ಬರಬ್ಯಾಡ್ರಿ. ತೆಳ್ಳಗ ಆಗ್ಬೇಕಂದ್ರ ನೀವೇ ಬಡೀರಿ."

ವಿಮಾನ ಹಗುರವಾಯಿತು, ಆದರೆ ಹಾರಲಿಲ್ಲ. ಬಿಟ್ಟೊಡನೆ ಮೂಗು ಮೇಲೆತ್ತುವುದು, ಗಾಳಿಯಲ್ಲಿ ಒಂದು ಗಳಿಗೆ ಯೋಚಿಸುವುದು, ಬಾಲ ಊರಿ ಕೂತುಬಿಡುವುದು. ಇನ್ನೂ ಭಾರವಿದೆಯೆಂದು ಬಗೆದು ನಾನು ಮೂಗನ್ನೇ ಕೆತ್ತುತ್ತಿದ್ದೆ. ಕೆತ್ತಿದಷ್ಟೂ ಅದು ಬೇಗ ಕೂರುತ್ತಿತ್ತು. ಶುಕ್ರವಾರ ಸಂಜೆ, ಹೊಸ ರಬ್ಬರ್ ಪಟ್ಟಿ ಹಾಕಿಸಲೆಂದು ಸೈಕಲ್ ಅಂಗಡಿಯ ಖಾಜಾಸಾಬರ ಹತ್ತಿರ ಬಿಟ್ಟುಬಂದೆ. ಸೋಮವಾರದ ದಾಸವಾಳ ಆಗಲೇ ಕಣ್ಣೆದುರು ಅರಳಿತ್ತು.

ಶನಿವಾರ ಖಾಜಾಸಾಬರು ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ತಂದಂತೆ ತಂದರು. ಫಿರಕಿಯ ಹಿಂದೆ, ಮೂಗಿನ ಅಡಿಗೆ ಒಂದು ನಿಂಬೆಕಾಯಿ, ಎರಡು ಹಸಿಮೆಣಸಿನಕಾಯಿ.

ಮೂರು ವಾರ ಗುಲಗಂಜಿ ತೂಕಕ್ಕಾಗಿ ಬಡಿದಾಡಿದವನ ಎದುರಿಗೆ ನಿಂಬೆಕಾಯಿ. ಮೇಲಾಗಿ ನಮ್ಮದು ಶರಣರ ದಾರಿಯ ಮನೆತನ. ನಮ್ಮಲ್ಲಿ ನಿಂಬೆಕಾಯಿಯನ್ನು ಉಪ್ಪಿನಕಾಯಿ ಹಾಕುತ್ತಾರೆಯೇ ಹೊರತು ಕಟ್ಟುವುದಿಲ್ಲ.

"ಇದೇನ್ ಮಾಡೀರಿ, ಖಾಜಾಸಾಬ?"

"ಹೊಸಾ ಗಾಡಿ ನನ್ನ ದುಕಾನದಿಂದ ಹಂಗ ಹೊರಗ ಬಿಡಂಗಿಲ್ರಿ ಮಾಸ್ತರ್ರ. ಅಟ್ಲಾಸ್ ಸೈಕಲ್ ಇರ್ಲಿ, ವಿಮಾನ ಇರ್ಲಿ. ನಜರ್ ಆಗ್ತದ."

"ಬಿಚ್ರಿ ಮೊದ್ಲ."

"ಬ್ರೇಕಿನ ತಂತಿಲೆ ಬಿಗದೇನ್ರಿ. ಜಗ್ಗಿದ್ರ ನಿಮ್ಮ ಬೆಂಡು ಮುರೀತದ. ನೋಡ್ರಿ, ಜಗ್ಗತೀರಿ?"

ನಾನು ಮುಟ್ಟಿ ನೋಡಿದೆ. ನಿಜ, ಬೆಂಡು ಕರಕರ ಎಂದಿತು. ಅಷ್ಟರಲ್ಲಿ ಶರಣಪ್ಪನವರು ಬಂದು ಬೇವಿನ ಮರದ ಬುಡದಲ್ಲಿ ನಿಂತು ಸೀಟಿ ಊದಿದರು. ಬುತ್ತಿ ತಂದಿದ್ದ ಮಹಾದೇವಿ ಪಡಸಾಲೆಯ ಕಂಬಕ್ಕೆ ಆತು ನಿಂತಿದ್ದಳು. ಖಾಜಾಸಾಬರು ಗಟ್ಟಿಯಾಗಿ ಎಣಿಸುತ್ತ ಫಿರಕಿಯನ್ನು ತಿರುವಿದರು: ನಲವತ್ತೆಂಟು, ನಲವತ್ತೊಂಬತ್ತು, ಐವತ್ತು. ಕೈ ಬಿಟ್ಟೆ.

ಫರ್ರ್ ಎಂಬ ಸದ್ದು ದೂರ ಹೋಯಿತು. ನಿಲ್ಲಲಿಲ್ಲ. ಮೂಗೆತ್ತಿ ಕೂರುವ ಹೊತ್ತು ನನಗೆ ಬಾಯಿಪಾಠವಾಗಿತ್ತು. ಆ ಹೊತ್ತು ಕಳೆಯಿತು, ಸದ್ದು ಇನ್ನೂ ಇತ್ತು. "ಅಲ್ಲಾ," ಎಂದರು ಖಾಜಾಸಾಬರು ಮೆಲ್ಲಗೆ. "ಅಯ್ಯ, ಹೊಂಟೇಬಿಡ್ತಲ್ರಿ," ಎಂದಳು ಮಹಾದೇವಿ. ಆಮೇಲೆ ಶರಣಪ್ಪನವರ ದನಿ: "ಏ ಮಾಸ್ತರ್ರ, ನನ್ನ ತಲೀ ಮ್ಯಾಲ ಹಾದು ಹೋತ್ರಿ." ಮರವನ್ನೂ ದಾಟಿ, ಕಂಪೌಂಡಿನಾಚೆಯ ಕಬ್ಬಿನೊಳಗೆ ಅದು ಸಿಕ್ಕಿತು. ಐವತ್ತೆಂಟು ಹೆಜ್ಜೆ. ರೆಕ್ಕೆ ಹರಿದಿರಲಿಲ್ಲ, ಒಂದು ಮೆಣಸಿನಕಾಯಿ ಮಾತ್ರ ಇರಲಿಲ್ಲ.

"ಇದರ ತತ್ವ ಏನ್ರಿ?" ಎಂದು ಶರಣಪ್ಪನವರು ಕೇಳಿದರು. ಆ ಕ್ಷಣಕ್ಕೆ ಅದು ನನ್ನ ತಲೆಗೆ ಹೊಳೆಯಿತು. ಭಾರ ಎಷ್ಟಿದೆ ಎಂಬುದಷ್ಟೇ ಅಲ್ಲ, ಎಲ್ಲಿದೆ ಎಂಬುದೂ ಮುಖ್ಯ. ನಾನು ಮೂಗು ಕೆತ್ತಿ ಕೆತ್ತಿ ಬಾಲಕ್ಕೇ ಭಾರ ಹೊರಿಸಿದ್ದೆ. "ಗುರುತ್ವಕೇಂದ್ರವನ್ನು ಮುಂದಕ್ಕ ತಂದೇವ್ರಿ," ಎಂದೆ. 'ತಂದೇವಿ' ಎಂದು ಬಹುವಚನ ಹಾಕುವಷ್ಟು ಮರ್ಯಾದೆ ನನಗಿತ್ತು. ಖಾಜಾಸಾಬರು ಬೀಡಿ ಹಚ್ಚಿ ನಕ್ಕರು. ವಿಜ್ಞಾನ ನನ್ನ ಬಳಿಯೇ ಉಳಿಯಿತು. ಸೋಮವಾರ ತರಗತಿಯಲ್ಲಿ ನಿಂಬೆಕಾಯಿ ಸಮೇತ ಚಿತ್ರ ಬರೆದು ನಡೆದದ್ದನ್ನು ಹೇಳಿದೆ. ಯಾಕ್ರಿ ಸರ ಎಂದು ನಲವತ್ತು ಜನ ಕೇಳಿದರು.

ಅದು ಹಾರಿದ್ದನ್ನು ಕಂಡವರಲ್ಲಿ ಶರಣಪ್ಪನವರು ಈಗಿಲ್ಲ. ಖಾಜಾಸಾಬರು ಇದ್ದಾರೆ; ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಆ ಹಾರಾಟ ಅವರಿಗೆ ಮೊದಲಿಗಿಂತ ನಿಚ್ಚಳವಾಗಿ ಕಾಣುತ್ತದಂತೆ. ಮಹಾದೇವಿ ಇದ್ದಾಳೆ; ಬೇವಿನ ಟೊಂಗೆ ಬಂದಾಗ ಅದು ತುಸು ಎಡಕ್ಕೆ ವಾಲಿತೆಂದು ಹೇಳುತ್ತಾಳೆ. ಅನುಮಾನವಿದ್ದವರು ಅವರಿಬ್ಬರನ್ನು ಕೇಳಬಹುದು. ನನ್ನನ್ನು ಕೇಳಿ ಫಲವಿಲ್ಲ. ಕೈ ಬಿಡುವಾಗ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. ತೆರೆದಾಗ ಎದುರಿಗೆ ಬೇವಿನ ಮರವಷ್ಟೇ ಇತ್ತು.