ಹೊಲಿದವರು ಯಾರು?

ಒಳ್ಳೆಯ ಕೆಲಸಕ್ಕೆ ಹೊರಟವರನ್ನು ನೋಡಿ ನಗುವ ಅವಕಾಶ ಜನಕ್ಕೆ ವಾರಕ್ಕೊಂದು ಸಲವಾದರೂ ಸಿಗುತ್ತದೆ. ನಮ್ಮ ಸಂಘದ ವಿಷಯದಲ್ಲಿ ಎರಡು ಸಲ ಸಿಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಬೆಳಗಿನ ಪಾಳಿ ಮುಗಿಸಿದರೆ ಮಧ್ಯಾಹ್ನವೆಲ್ಲ ಬಿಡುವು. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ರಿಟೈರಾದ ಕನ್ನಡ ಮೇಡಂ ಒಬ್ಬರಿದ್ದರು. ಅವರ ಮನೆಯ ಹಿಂದಿನ ವಠಾರದಿಂದ ಆರು ಜನ ಹೆಂಗಸರು ಒಂದು ಸಿದ್ಧ ಉಡುಪಿನ ಶೆಡ್ಡಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ನೀರು ಕುಡಿಯಲು ಏಳಬೇಕಾದರೂ ಮೇಸ್ತ್ರಿಯ ಅಪ್ಪಣೆ ಬೇಕು. ಒಮ್ಮೆ ಒಬ್ಬಾಕೆ ಜ್ವರ ಏರಿ ಮೆಷಿನ್ ಮೇಲೇ ತಲೆಯಿಟ್ಟು ಬಿದ್ದಾಗ, ಮೇಸ್ತ್ರಿ ಅವಳನ್ನು ಎಬ್ಬಿಸುವ ಮೊದಲು ಅವಳ ಕೆನ್ನೆಯ ಕೆಳಗಿದ್ದ ಷರ್ಟನ್ನು ಎಳೆದು ಜೋಪಾನವಾಗಿ ಪಕ್ಕಕ್ಕಿಟ್ಟನಂತೆ.

ಇದು ಮೇಡಂ ಕಿವಿಗೆ ಬಿತ್ತು. ತಿಂಗಳೊಳಗೆ ಅವರ ಮನೆಯ ಮುಂದಿನ ಕೋಣೆಯಲ್ಲಿ ಆರು ಮೆಷಿನ್ನುಗಳು ಬಂದು ಕೂತವು. ನೇಕಾರರಿಂದ ನೇರವಾಗಿ ಬಟ್ಟೆ ತರುವುದು, ಹೊಲಿದದ್ದನ್ನು ಅಲ್ಲೇ ಅಂಗಡಿಯಿಟ್ಟು ಮಾರುವುದು, ಹೊಲಿದವರಿಗೆ ಸರಿಯಾದ ಕೂಲಿ ಕೊಡುವುದು, ಸಾಯಂಕಾಲ ಐದೂವರೆಗೆ ಅವರನ್ನು ಮನೆಗೆ ಕಳಿಸುವುದು, ಇಷ್ಟು ನಿಯಮ. ಸಂಘಕ್ಕೆ ಮೇಡಂ ಅಧ್ಯಕ್ಷರು. ನಾನು ಕಾರ್ಯದರ್ಶಿ, ಯಾಕೆಂದರೆ ಬೇರೆ ಯಾರೂ ಒಪ್ಪಲಿಲ್ಲ.

೧. ಭಾಷಣ

ಅಂಗಡಿ ತೆರೆದರೆ ಸಾಲದು, ಜನಕ್ಕೆ ತಿಳಿವಳಿಕೆ ಬರಬೇಕು ಅಂತ ಬಸವನಗುಡಿಯ ಒಂದು ಸಭಾಂಗಣದಲ್ಲಿ ಮೇಡಂ ಭಾಷಣ ಇಟ್ಟುಕೊಂಡರು. ನಲವತ್ತು ಜನ ಬಂದಿದ್ದರು. ಅವರಲ್ಲಿ ಹತ್ತು ಜನ ಆಮೇಲೆ ನಡೆಯಬೇಕಿದ್ದ ಹರಿಕಥೆಗೆ ಮುಂಚಿತವಾಗಿ ಬಂದು ಜಾಗ ಹಿಡಿದವರು.

ಮೇಡಂ ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಕನ್ನಡಕ ತೆಗೆದು, ದನಿ ತಗ್ಗಿಸಿ ಕೇಳಿದರು: "ನೀವು ತೊಟ್ಟ ಬಟ್ಟೆ ಹೊಲಿದವರು ಯಾರು ಅಂತ ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತೆ?"

ಯಾರೂ ಉತ್ತರ ಕೊಡಬಾರದ ಪ್ರಶ್ನೆ ಅದು. ಆದರೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು.

"ನನಗೆ ಗೊತ್ತಮ್ಮ. ನಮ್ಮ ರಸ್ತೆ ಕೊನೇಲಿರೋ ಟೈಲರು. ದೀಪಾವಳಿಗೆ ಕೊಡ್ತೀನಿ ಅಂದ ಕೋಟು ಯುಗಾದಿ ಕಳೆದ ಮೇಲೆ ಕೊಟ್ಟ. ಎಡಗೈ ಮೊಣಕೈಗೇ ನಿಂತುಬಿಟ್ಟಿದೆ, ನೋಡಿ. ಶೋಷಣೆ ಅಂತ ನೀವು ಹೇಳ್ತಿದೀರಲ್ಲ, ಅದು ಅವನಿಗೆ ಆಗಿರೋದೋ, ನನಗೋ?"

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು ಆ ತೋಳನ್ನು ನೋಡಿದರು. ಹರಿಕಥೆಯವರು ಪಿಟೀಲು ಶ್ರುತಿ ಮಾಡತೊಡಗಿದ್ದರಿಂದ ಮಾನ ಉಳಿಯಿತು.

೨. ಯಾರ ಕಾಲು

ಅಂಗಡಿಗಳಲ್ಲಿ ಮಾರುವ ಉಡುಪು ಎಲ್ಲಿಂದ ಬರುತ್ತದೆ ಅಂತ ವಿಚಾರಿಸಿಕೊಂಡು ಬರಲು ನಾವಿಬ್ಬರೂ ಚಿಕ್ಕಪೇಟೆಗೆ ಹೋದೆವು. ಮೂಟೆ ಹೊತ್ತವರಿಗೆ ದಾರಿ ಬಿಡುತ್ತ ಬಿಡುತ್ತ ಗೋಡೆಗೆ ಅಂಟಿಕೊಂಡು ನಡೆದು, ಒಬ್ಬ ಸಗಟು ವ್ಯಾಪಾರಿಯ ಗಾದಿಯ ಮುಂದೆ ಕೂತೆವು. ಹಣೆತುಂಬ ವಿಭೂತಿ ಧರಿಸಿದ ಶಾಂತ ಸ್ವಭಾವದ ಮನುಷ್ಯ.

"ಈ ಷರ್ಟೆಲ್ಲ ಯಾರು ಹೊಲಿದದ್ದು?" ಮೇಡಂ ಕೇಳಿದರು.

"ಮೆಷಿನ್ನಿನಲ್ಲಿ ಹೊಲಿದದ್ದು ತಾಯಿ. ಗಟ್ಟಿ ಬರುತ್ತೆ."

"ಮೆಷಿನ್ನು ತಾನೇ ಓಡುತ್ತಾ?"

"ಇಲ್ಲ, ಕಾಲಲ್ಲಿ ತುಳೀತಾರೆ."

"ಯಾರ ಕಾಲು?"

ವ್ಯಾಪಾರಿ ಲೇಖನಿ ಕೆಳಗಿಟ್ಟರು. "ತಾಯಿ, ನಮ್ಮಪ್ಪನ ಕಾಲದಿಂದ ಈ ಗಾದಿ ಮೇಲೆ ಕೂತಿದೀವಿ. ಕುತ್ತಿಗೆ ಸೈಜ್ ಕೇಳಿದಾರೆ, ತೋಳು ಕೇಳಿದಾರೆ, ಸೊಂಟ ಕೇಳಿದಾರೆ. ಕಾಲು ಕೇಳಿದೋರು ನೀವೇ ಮೊದಲು." ಆಮೇಲೆ ಒಳಗೆ ತಿರುಗಿ, "ಇವರಿಗೆ ಪೈಜಾಮ ತೋರಿಸ್ರಪ್ಪ" ಅಂದರು.

೩. ಜೇಬಿನ ಚೀಟಿ

ಹೊಲಿದವರ ಹೆಸರು ಕೊಂಡವರಿಗೆ ಗೊತ್ತಾಗಲೇಬೇಕು ಅಂತ ಮೇಡಂ ಪ್ರತಿ ಷರ್ಟಿನ ಜೇಬಿನಲ್ಲೂ ಒಂದು ಚೀಟಿ ಇಡಿಸತೊಡಗಿದರು. ಅವರದೇ ಒಕ್ಕಣೆ: "ಅಕ್ಕರೆಯಿಂದ ಹೊಲಿದವಳು, ಸರೋಜ." ಕೆಳಗೆ ಅಂಗಡಿಯ ವಿಳಾಸ.

ಒಂದು ಮಧ್ಯಾಹ್ನ ಮಲ್ಲೇಶ್ವರದಿಂದ ಒಬ್ಬಾಕೆ ಬಂದರು. ಗಂಡ ಹೊರಗೆ ಸ್ಕೂಟರ್ ಹಿಡಿದುಕೊಂಡೇ ನಿಂತಿದ್ದ, ಒಳಗೆ ಬರಲಿಲ್ಲ. ಆಕೆ ಷರ್ಟನ್ನೂ ಚೀಟಿಯನ್ನೂ ಮೇಜಿನ ಮೇಲಿಟ್ಟು, "ಸರೋಜ ಯಾರು?" ಅಂದರು. ಬಟ್ಟೆ ನೆನೆಹಾಕುವಾಗ ಸಿಕ್ಕಿತಂತೆ. ಮೂರು ದಿನದಿಂದ ಮನೆಯಲ್ಲಿ ಮಾತಿಲ್ಲವಂತೆ.

ನಾನು ಮೂಲೆಯ ಮೆಷಿನ್ನಿನ ಕಡೆ ಕೈ ತೋರಿಸಿದೆ. ಅಲ್ಲಿ ಸರೋಜಮ್ಮ, ಅರವತ್ತು ದಾಟಿದ ನಮ್ಮ ಹಿರಿಯ ಹೊಲಿಗೆಯವರು, ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು. ಆಕೆ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆದರೂ ಕೇಳಿಯೇ ಬಿಡೋಣ ಅನ್ನಿಸಿರಬೇಕು.

"ನಮ್ಮನೆಯವರು ನಿಮಗೆ ಗೊತ್ತಾ?"

ಸರೋಜಮ್ಮ ಷರ್ಟನ್ನು ತಿರುಗಿಸಿ ನೋಡಿದರು. "ಮುಖ ಗೊತ್ತಿಲ್ಲ ಕಣಮ್ಮ. ಎದೆ ಮೂವತ್ತೆಂಟು, ಹೊಟ್ಟೆ ನಲವತ್ತೆರಡು. ಈ ಅಳತೆದು ಒಂದೇ ಒಂದು ಹೊಲಿದಿದ್ದೆ. ಯಾರೂ ತಗೊಳ್ಳದೆ ಆರು ತಿಂಗಳು ಇಲ್ಲೇ ಬಿದ್ದಿತ್ತು."

ಆಕೆ ಬಾಗಿಲಿಗೆ ಹೋಗಿ ಗಂಡನನ್ನು ಕರೆದರು. "ಬನ್ನಿ ಒಳಗೆ, ಏನಿಲ್ಲ. ನಿಮ್ಮನ್ನ ಯಾರೂ ತಗೊಳ್ಳಲ್ಲ ಅಂತ ಗೊತ್ತಾಯ್ತು."

೪. ಮನವಿ ಪತ್ರ

ಮೇ ತಿಂಗಳಲ್ಲಿ ನಮಗೊಂದು ಸ್ಕೂಲಿನ ಯೂನಿಫಾರಂ ಆರ್ಡರ್ ಬಂತು. ಅಷ್ಟು ದೊಡ್ಡದು ಹಿಂದೆ ಬಂದಿರಲಿಲ್ಲ. ಅದು ಕೈತಪ್ಪಿದರೆ ಅಂಗಡಿ ಮುಚ್ಚಬೇಕಾದ ಸ್ಥಿತಿ. ಸ್ಕೂಲು ತೆರೆಯಲು ಹತ್ತು ದಿನ ಉಳಿದಿದ್ದಾಗ ಇನ್ನೂ ಅರ್ಧ ಬಾಕಿ. ಮೇಡಂ ಹೆಂಗಸರ ಮುಂದೆ ಬಂದು, ಸ್ವಲ್ಪ ಸಂಕೋಚದಿಂದಲೇ, "ಈ ವಾರ ಒಂದು ಏಳೂವರೆವರೆಗೆ ಕೂತ್ಕೋಬೇಕಾಗುತ್ತೆ" ಅಂದರು.

ಐದೂವರೆಗೆ ಆರು ಮೆಷಿನ್ನೂ ಒಟ್ಟಿಗೆ ನಿಂತವು. ಹೆಂಗಸರು ಹೋಗಿ ಜಗಲಿಯ ಮೇಲೆ ಸಾಲಾಗಿ ಕೂತರು. ಸರೋಜಮ್ಮ ವಿನಯವಾಗಿಯೇ ಹೇಳಿದರು: "ನೀವೇ ಹೇಳಿಕೊಟ್ಟಿದ್ದಲ್ವಾ ಅಮ್ಮಾ. ಹೊತ್ತು ಮೀರಿದ್ರೆ ಎರಡರಷ್ಟು ಕೂಲಿ ಕೇಳ್ಬೇಕು, ಬಾಯಲ್ಲಿ ಕೇಳಬಾರದು, ಬರವಣಿಗೇಲಿ ಕೇಳ್ಬೇಕು ಅಂತ."

"ಹೌದು. ಬರೆದು ಕೊಡಿ" ಅಂದರು ಮೇಡಂ. ಅವರ ಮುಖ ಕೆಂಪಗಾಗಿತ್ತು.

ಹೆಂಗಸರು ಮುಖಮುಖ ನೋಡಿಕೊಂಡರು. ಆರು ಜನರಲ್ಲಿ ಒಬ್ಬರಿಗೂ ಅರ್ಜಿ ಬರೆಯಲು ಬರುತ್ತಿರಲಿಲ್ಲ. ಹಳೆಯ ಶೆಡ್ಡಿನ ಮಾಲೀಕನ ಮೇಲೆ ಲೇಬರ್ ಆಫೀಸಿಗೆ ಹೋದ ದೂರುಗಳನ್ನೆಲ್ಲ ಬರೆದವರು ಮೇಡಂ ಒಬ್ಬರೇ. ಸರೋಜಮ್ಮ ಒಂದು ಹಾಳೆ, ಒಂದು ಪೆನ್ನು ತಂದು ಮೇಡಂ ಮುಂದಿಟ್ಟು, "ನೀವೇ ಬರೆದುಕೊಡಿ ಅಮ್ಮಾ. ನಿಮ್ಮಷ್ಟು ಚೆನ್ನಾಗಿ ಯಾರು ಬರೀತಾರೆ" ಅಂದರು.

ಮೇಡಂ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಕೂಲಿ ಎರಡರಷ್ಟಾಯಿತು. ಯೂನಿಫಾರಂ ಎರಡು ದಿನ ತಡವಾಗಿ ಹೋಯಿತು, ಸ್ಕೂಲಿನವರು ಏನೂ ಅನ್ನಲಿಲ್ಲ, ಅಂಗಡಿ ಇನ್ನೂ ಕೆಲವು ವರ್ಷ ನಡೆಯಿತು. ಆದರೆ ನನಗೆ ಕಣ್ಣಿಗೆ ಕಟ್ಟಿದಂತಿರುವುದು ಆ ಸಾಯಂಕಾಲ. ಮೊದಲ ಎರಡು ಸಾಲು ಮೇಡಂ ನಿಧಾನವಾಗಿ ಬರೆದರು. ಮೂರನೆಯ ಸಾಲಿಗೆ ಕೈಗೆ ಹುರುಪು ಬಂತು, ನಾಲ್ಕನೆಯದಕ್ಕೆ ಕಣ್ಣಲ್ಲಿ ನೀರು. ಬರೆದದ್ದನ್ನು ಎದ್ದು ನಿಂತು ಗಟ್ಟಿಯಾಗಿ ಓದಿದರು. "ಬಡ ಹೆಣ್ಣುಮಕ್ಕಳ ಬೆವರಿನ ಮೇಲೆ ಸೌಧ ಕಟ್ಟಿಕೊಂಡು ಮೆರೆಯುತ್ತಿರುವ, ಕರುಣೆಯ ಲವಲೇಶವೂ ಇಲ್ಲದ, ಕಲ್ಲೆದೆಯ ಈ ಅಧ್ಯಕ್ಷೆಯು..."

ಸರೋಜಮ್ಮ ಮೆಲ್ಲಗೆ ಅವರ ಸೆರಗು ಹಿಡಿದು ಜಗ್ಗಿದರು.

"ಅಮ್ಮಾ, ಸ್ವಲ್ಪ ಕಮ್ಮಿ ಮಾಡಿ. ಅವರು ತುಂಬಾ ಒಳ್ಳೆಯೋರು. ನಾಳೆ ನಾವು ಮತ್ತೆ ಅವರ ಹತ್ರಾನೇ ಕೆಲಸಕ್ಕೆ ಬರ್ಬೇಕು."