ಔಷಧ ಇಟ್ಟು ಮುಚ್ಚಿದ ಹಲ್ಲುಗಳು

ಹಲ್ಲಿನ ಬೇರು ತೊಳೆಯುವ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೊರೆದು, ಕೀವು ತೆಗೆದು, ಔಷಧದ ಎಳೆ ಇಟ್ಟು ಮುಚ್ಚಿ, ‘ಮುಂದಿನ ವಾರ ಬರ್ರಿ’ ಅನ್ನಬೇಕು. ಬೀದರದಲ್ಲಿ ನಾನು ದವಾಖಾನೆ ತೆರೆದಾಗಿನಿಂದ ಆ ನಡುವಿನ ವಾರದಲ್ಲಿ ಏನಾದರೊಂದು ಆಗುತ್ತಲೇ ಬಂದಿದೆ.

ಭಾಲ್ಕಿಯವರು

ಭಾಲ್ಕಿಯ ಬಟ್ಟೆ ಅಂಗಡಿಯವರು ಮುಂದಿನ ವಾರ ಬರಲೇ ಇಲ್ಲ. ತಿಂಗಳ ಮೇಲೆ ಬಂದಾಗ ಗಲ್ಲ ಬಾತು ಕಣ್ಣು ಮುಚ್ಚಿತ್ತು.

“ಯಾಕ್ರಿ ಬರಲಿಲ್ಲ?”

“ನೋವು ನಿಂತಿತ್ತಲ್ರಿ.”

“ನೋವು ನಿಂತ್ರೂ ಒಳಗ ಹೊಲಸು ಇರ್ತದ, ಮತ್ತ ತೊಳಿಬೇಕು ಅಂತ ಹೇಳಿದ್ದೆ.”

“ಹೇಳಿದ್ರಿ ಖರೆ. ಆರಾಮ ಇದ್ದಾಂವ ದವಾಖಾನಿಗಿ ಹೊಂಟ್ರ ಮನ್ಯಾಗ ಹುಚ್ಚ ಅಂತಾರ್ರಿ.”

ಎಕಂಬಾದ ದಂಪತಿ

ನಿಜಾಮನ ಪರ ನಿಂತ ರಜಾಕಾರರ ಗಲಾಟೆಯ ಕಾಲ. ಔರಾದ ಕಡೆಯ ಎಕಂಬಾದಿಂದ ಕುರಿ ಸಾಕುವವರೊಬ್ಬರು ಜೀವ ಕೈಯಲ್ಲಿ ಹಿಡಿದು ಹೆಂಡತಿಯೊಡನೆ ಎರಡನೇ ಸಲ ಬಂದರು. ಗಂಡನ ಹಲ್ಲುನೋವು ಪೂರಾ ಇಳಿದಿತ್ತು. ಇವತ್ತೇ ಮುಗಿಸುತ್ತೇನೆ ಅಂದೆ. ಆಕೆ ನನ್ನನ್ನು ಬಾಗಿಲಾಚೆ ಕರೆದರು.

“ಮುಗಿಸಬ್ಯಾಡ್ರಿ ಸಾಹೇಬ್ರ. ಬಾಯಿ ಭಾಳ ತೆರಿಬ್ಯಾಡ ಅಂತ ನೀವು ಹೇಳಿದ ಮ್ಯಾಲೆ ಮನ್ಯಾಗ ಬೈಗುಳ ನಿಂತಾವ್ರಿ. ಇನ್ನೆರಡು ಸಲ ಕರೀರಿ.”

ಗಂಜಿನ ಅವ್ವ

ಕಚೇರಿಯ ಮುನ್ಶಿ ಸಾಹೇಬರ ದವಡೆ ಹಲ್ಲಿಗೆ ಔಷಧ ಇಟ್ಟು ಕಳಿಸಿದ್ದೆ. ಅವರು ಮತ್ತೆ ಬರುವ ಮೊದಲೇ ಪೊಲೀಸ್ ಕಾರ್ಯಾಚರಣೆ ಆಯಿತು, ಭಾರತದ ಫೌಜು ಬಂತು. ಆಮೇಲೆ ಮುಸಲ್ಮಾನರ ಮನೆ ಹುಡುಕುತ್ತ ಗುಂಪುಗಳು ತಿರುಗತೊಡಗಿದವು. ಕಾಳಿನ ಪೇಟೆಯಾದ ಗಂಜಿನಲ್ಲಿ ಪಕ್ಕದ ಮನೆಯ ವ್ಯಾಪಾರಿ ಮುನ್ಶಿಯವರನ್ನು ಒಳಗೆ ಕರೆದು ತೊಗರಿ ಚೀಲಗಳ ಹಿಂದೆ ಕೂಡಿಸಿದರು. ನಾನು ಕೊಟ್ಟಿದ್ದ ಲವಂಗದ ಎಣ್ಣೆಯ ಶೀಶೆ ಅವಸರದಲ್ಲಿ ಮುನ್ಶಿಯವರ ಮನೆಯಲ್ಲೇ ಉಳಿಯಿತು. ಹಲ್ಲು ಸಿಡಿಯತೊಡಗಿತು. ಬಾಯಿಗೆ ರುಮಾಲು ತುರುಕಿಕೊಂಡು ತಡೆದರು.

ಅಷ್ಟರಲ್ಲಿ ಬಡಿಗೆ ಹಿಡಿದವರು ಬಾಗಿಲಿಗೆ ಬಂದರು. ಅದೇ ಗಳಿಗೆಗೆ ಚೀಲಗಳ ಹಿಂದಿನಿಂದ ನರಳಾಟ ಕೇಳಿಸಿತು.

“ಯಾರದು ಒಳಗ?”

ಹೊಸ್ತಿಲ ಒಳಗೆ ಕುಳಿತಿದ್ದ ವ್ಯಾಪಾರಿಯ ತಾಯಿ ಗಲ್ಲ ಹಿಡಿದು, ಸೆರಗು ಬಾಯಿಗೆ ಒತ್ತಿ, ಇನ್ನೂ ಜೋರಾಗಿ ನರಳಿದರು.

“ನಾನೇ ಅದೀನಪ್ಪ! ದವಡಿ ಹಲ್ಲು ಜೀವ ತಿನ್ಲಾಕತ್ಯಾದ!”

ಮುಂದೆ ನಿಂತವನು ಬಡಿಗೆ ಇಳಿಸಿದ. “ಲವಂಗ ಒತ್ತಿ ಹಿಡಿರಿ ಅವ್ವ. ನನಗೂ ಹಿಂಗೇ ಆಗಿತ್ತು,” ಅಂದು ಗುಂಪನ್ನು ಕರೆದುಕೊಂಡು ಹೋದ.

ಊರು ತಣ್ಣಗಾದ ಮೇಲೆ ಮುನ್ಶಿಯವರು ಆ ಅವ್ವನ ಜೊತೆಗೇ ಬಂದರು. ಹಲ್ಲು ತೆರೆದೆ, ಹಳೆಯ ಎಳೆ ನಾರುತ್ತಿತ್ತು. ತೊಳೆದು ಹೊಸ ಔಷಧ ಇಟ್ಟೆ. ನಡೆದದ್ದನ್ನೆಲ್ಲ ಹೇಳುತ್ತ ಅವರು ಅತ್ತುಬಿಟ್ಟರು. ಅವ್ವ ಮಾತ್ರ ಮುನ್ಶಿಯವರನ್ನು ಎಬ್ಬಿಸಿ ತಾವೇ ಕುರ್ಚಿ ಏರಿದರು.

“ಈಗ ನನ್ನ ಬಾಯಿ ನೋಡ್ರಿ.”

ನೋಡಿದೆ. “ಏನು ನೋಡ್ಲಿ ಅವ್ವ? ಒಂದೂ ಹಲ್ಲಿಲ್ಲ!”

“ಅದಕ್ಕೇ ಬಂದೀನ್ರಿ. ಅವತ್ತು ಆ ಬಡಿಗಿ ಹಿಡಿದಾಂವ ‘ಬಾಯಿ ತೆರಿ’ ಅಂದಿದ್ರ ಏನ ತೋರಿಸ್ತಿದ್ದೆ? ಒಂದು ಹುಳುಕು ಹಲ್ಲರ ಕಟ್ಟಿಕೊಡ್ರಿ!”